ಸಾಣೆಯಪ್ಪ ಅಂಡ್ ಸನ್

ಆ ಬೀದಿಯಲ್ಲಿ ಯಾರನ್ನೂ ಅವರವರ ಹೆಸರಿನಿಂದ ಕರೆಯುವ ರೂಢಿ ಇರಲಿಲ್ಲ. ಹೆಸರಿಟ್ಟ ಅಪ್ಪ ಅಮ್ಮಂದಿರೇ ಅದನ್ನು ಮರೆತು ಕೂತಿರುತ್ತಿದ್ದರು. ಗಂಡಾದರೆ ಇಂಥವನ ಮಗ. ಹೆಣ್ಣಾದರೆ ಮದುವೆಯ ತನಕ ಇಂಥವನ ಮಗಳು, ಆಮೇಲೆ ಇಂಥವನ ಹೆಂಡತಿ, ಹಲ್ಲು ಉದುರಿದ ಮೇಲೆ ಇಂಥವನ ತಾಯಿ. ದರ್ಜಿಯ ಮಗ ಓದಿ ವಕೀಲನಾಗಿ ಕರಿಕೋಟು ತೊಟ್ಟು ಬಂದರೂ ಬೀದಿಯ ಬಾಯಲ್ಲಿ ದರ್ಜಿಯ ಮಗನೇ; ‘ಕೋಟು ಮನೇಲೇ ಹೊಲಿಸಿದ್ದೋ, ಹೊರಗೆ ಕೊಟ್ಟಿದ್ದೋ’ ಎಂದು ಕೇಳುವವರಿಗೂ ಬರವಿರಲಿಲ್ಲ. ಅಪ್ಪನ ಹೆಸರು ಮಕ್ಕಳ ಬೆನ್ನಿಗೆ ಬೀಳುವುದು ಲೋಕದಲ್ಲಿ ಎಲ್ಲ ಕಡೆ ಇದ್ದದ್ದೇ, ಅದರಲ್ಲಿ ಹೇಳುವಂಥ ಹೆಚ್ಚುಗಾರಿಕೆ ಏನೂ ಇಲ್ಲ. ಹೇಳಬೇಕಾದದ್ದು ಅದೇ ಬೀದಿಯ ಒಬ್ಬ ಹೆಂಗಸಿಗೆ ‘ಮಗ’ ಎಂಬ ಹೆಸರು ಅಂಟಿಕೊಂಡ ಸಂಗತಿ. ಅಂಟಿಕೊಂಡದ್ದಷ್ಟೇ ಅಲ್ಲ, ಅದನ್ನು ಅವಳ ಮೈಮೇಲಿಂದ ಕಿತ್ತುಕೊಂಡ ಸಂಗತಿಯೂ.

ಅವಳ ಅಪ್ಪ ಚಾಕು, ಕತ್ತರಿ, ಕತ್ತಿಗಳಿಗೆ ಸಾಣೆ ಹಿಡಿಯುವವನು. ಮೊದಲೆಲ್ಲ ಸೈಕಲ್ಲಿನ ಹಿಂದೆ ಸಾಣೆಕಲ್ಲು ಕಟ್ಟಿಕೊಂಡು, ಗಂಟಲು ಹರಿಯುವ ಹಾಗೆ ಕೂಗುತ್ತ ಓಣಿ ಓಣಿ ಅಲೆದವನು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಸೀಟಿನ ಮೇಲೆ ಕೂತು ಪೆಡಲು ತುಳಿದರೆ ಹಿಂದಿನ ಕಲ್ಲು ತಿರುಗುತ್ತಿತ್ತು. ಎಷ್ಟು ತುಳಿದರೂ ಕೂತಲ್ಲೇ ಇರುವ ಸೈಕಲ್ಲು ಎಂದು ಮಕ್ಕಳು ಗೇಲಿ ಮಾಡುತ್ತಿದ್ದವು. ಊರು ಅವನನ್ನು ಸಾಣೆಯಪ್ಪ ಎಂದಿತು. ಅವನ ಅಪ್ಪ ಯಾರು ಎಂಬುದು ಊರಿಗೆ ಗೊತ್ತಿರಲಿಲ್ಲ, ಅವನೂ ಬಾಯಿ ಬಿಟ್ಟವನಲ್ಲ. ಬೇರೆಯವರ ಬೆನ್ನಿಗೆಲ್ಲ ಒಬ್ಬ ಅಪ್ಪ ಇದ್ದು ತನಗೆ ಮಾತ್ರ ಒಂದು ಕಲ್ಲು ಇದೆಯಲ್ಲ ಎಂಬ ಕೊರಗು ಅವನಿಗೆ ಒಳಗೊಳಗೇ ಇತ್ತು. ಹಾಗಾಗಿ ಹೆಸರೆಂದರೆ ಅವನಿಗೆ ಪ್ರಾಣ.

ಹೆಣ್ಣು ಹುಟ್ಟಿದಾಗ ಅವನು ಸೈಕಲ್ಲಿನಲ್ಲೇ ಇದ್ದ. ಕೆಲವು ವರ್ಷ ಕಳೆದು ಗಂಡು ಹುಟ್ಟಿತು ನೋಡಿ, ಅದೇ ತಿಂಗಳು ಬೀದಿಯ ಮಳಿಗೆಗಳ ಸಾಲಿನಲ್ಲಿ ಒಂದನ್ನು ಬಾಡಿಗೆಗೆ ಹಿಡಿದ. ಕೆಳಗೆ ಅಂಗಡಿ, ಮರದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಕೋಣೆ. ಸುಣ್ಣ ಬಳಿಯುವ ಮೊದಲೇ ಬೋರ್ಡು ಬರೆಯುವವನನ್ನು ಕರೆತಂದ. ಏಣಿಯ ಮೇಲೆ ನಿಂತವನು ‘ಸಾಣೆಯಪ್ಪ ಅಂಡ್’ ತನಕ ಬರೆದು ಕೆಳಗೆ ನೋಡಿದ.

“ಸನ್ ಅಂತ ಬರೀಲೋ, ಸನ್ಸ್ ಅಂತಲೋ?”

ಸಾಣೆಯಪ್ಪನಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದವು. “ಸದ್ಯಕ್ಕೆ ಒಬ್ಬ. ಮುಂದೆ ಜಾಗ ಬಿಟ್ಟಿರು.”

ಆ ಸನ್ನು ಆಗ ಮೇಲಿನ ಕೋಣೆಯಲ್ಲಿ ತೊಟ್ಟಿಲಲ್ಲಿ ಮಲಗಿ ಬೆರಳು ಚೀಪುತ್ತಿತ್ತು. ಏಣಿ ಜಾರದಂತೆ ಕೆಳಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದವಳು ಮಗಳು. ಅಕ್ಷರ ಕೂಡಿಸಿ ಓದಲು ಆಗ ತಾನೇ ಕಲಿತಿದ್ದಳು. “ಅಪ್ಪ, ನಾನು ಎಲ್ಲಿದ್ದೀನಿ?” ಎಂದು ಕೇಳಿದಳು. “ನೀನು ಏಣಿ ಗಟ್ಟಿಯಾಗಿ ಹಿಡ್ಕೋ,” ಎಂದ ಅಪ್ಪ. ಇದರಲ್ಲಿ ಕೆಡುಕೇನೂ ಇರಲಿಲ್ಲ. ಏಣಿ ಜಾರಿದ್ದರೆ ಬರೆಯುವವನ ಸೊಂಟ ಮುರಿಯುತ್ತಿತ್ತು.

ಎರಡನೆಯ ಗಂಡು ಹುಟ್ಟಲಿಲ್ಲ. ಬೋರ್ಡಿನ ಕೊನೆಯಲ್ಲಿ ಬಿಟ್ಟ ಜಾಗ ಹಾಗೇ ಉಳಿದು, ಇಡೀ ಬರಹ ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು. ಇದ್ದೊಬ್ಬ ಸನ್ನು ಶಾಲೆಗೆ ಹೋಗುವಷ್ಟಾದಾಗ ಸಾಣೆಯಪ್ಪ ಅವನನ್ನು ಕೈಹಿಡಿದು ಅಂಗಡಿಗೆ ಇಳಿಸಿ, ಕಲ್ಲಿನ ಮುಂದೆ ಕೂರಿಸಿದ. ಮೊದಲ ದಿನವೇ ಒಂದು ಕಿಡಿ ಹಾರಿ ಅವನ ಕೆನ್ನೆಗೆ ತಾಗಿತು. ಸೊಳ್ಳೆ ಕಚ್ಚಿದಷ್ಟು ಗುರುತೂ ಉಳಿಯಲಿಲ್ಲ. ಆದರೆ ಅವನು ಬೀದಿ ಒಂದು ಮಾಡುವ ಹಾಗೆ ಅರಚಿದ. ತಾಯಿ ಧಡಧಡ ಮೆಟ್ಟಿಲಿಳಿದು ಬಂದು, ಮಗನನ್ನು ಬಾಚಿ ಎತ್ತಿಕೊಂಡು, “ನನ್ನ ಮಗನ ಕಣ್ಣು ಹೋದ್ರೆ ನೀನು ತಂದುಕೊಡ್ತೀಯಾ?” ಎಂದು ಗಂಡನ ಮೇಲೆ ಹರಿಹಾಯ್ದಳು. ಅಷ್ಟರಲ್ಲಿ ಗಿರಾಕಿ ಕಾಯುತ್ತಿದ್ದ, ಕಲ್ಲಿಗೆ ನೀರು ಹನಿಸುವವರು ಬೇಕಾಗಿತ್ತು. ತಾಯಿ ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಲೇ ಮಗಳಿಗೆ ಹೇಳಿದಳು: “ಹೋಗೇ, ಸ್ವಲ್ಪ ಹೊತ್ತು ಅಪ್ಪನ ಹತ್ತಿರ ಕೂತು ನೀರು ಹಾಕು.”

ಆ ಸ್ವಲ್ಪ ಹೊತ್ತು ಅವಳ ಆಯುಷ್ಯವೇ ಆಯಿತು. ಅವಳಿಗೂ ಎರಡು ಕಣ್ಣಿವೆ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಲು ನೀರು ಹನಿಸಿದಳು, ಆಮೇಲೆ ಅಡಿಗೆಮನೆಯ ಚಾಕುಗಳನ್ನು ಹಿಡಿದಳು, ಕಡೆಗೆ ದರ್ಜಿಗಳ ಕತ್ತರಿ. ಕತ್ತರಿಯದು ಬೇರೆಯೇ ವಿದ್ಯೆ. ಎರಡು ಅಲಗನ್ನು ಎಷ್ಟೇ ಹರಿತ ಮಾಡಿದರೂ ನಡುವಿನ ತಿರುಪು ಹದವಾಗಿಲ್ಲದಿದ್ದರೆ ಬಟ್ಟೆ ಕತ್ತರಿಸದು, ಅಗಿದು ಉಗಿದಂತೆ ಆಗುತ್ತದೆ. ತಿರುಪು ಬಿಗಿಸಿ, ಒದ್ದೆ ಬಟ್ಟೆಯ ಚೂರನ್ನು ತುದಿಯಿಂದ ಕತ್ತರಿಸಿ, ಕಿವಿ ಹತ್ತಿರ ತಂದು ಸದ್ದು ಕೇಳುತ್ತಿದ್ದಳು. ಕ್ಷೌರದ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎಳೆದು, ತನ್ನ ಎಡ ಮುಂಗೈಯ ಕೂದಲಿನ ಮೇಲೆ ಆಡಿಸಿ ಪರೀಕ್ಷೆ ಮಾಡುತ್ತಿದ್ದಳು. ಹಾಗಾಗಿ ಅವಳ ಎಡಗೈ ಸದಾ ನುಣ್ಣಗೆ, ಬಲಗೈ ಇದ್ದ ಹಾಗೆ. ಬೆರಳ ಗೆರೆಗಳಲ್ಲಿ ಕಬ್ಬಿಣದ ಕಪ್ಪು ಕೂತುಬಿಟ್ಟಿತ್ತು, ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಚಹಾದ ಲೋಟದ ತಳದಲ್ಲಿ ಕಲ್ಲಿನ ಪುಡಿ ಸಿಗುತ್ತಿತ್ತು. ಅದನ್ನು ಅವಳು ಉಗಿಯದೆ ನುಂಗುವುದನ್ನೂ ಕಲಿತಳು.

ಹೆಸರು ಬಂದದ್ದು ಪಕ್ಕದ ಅಂಗಡಿಯ ಕ್ಷೌರಿಕನಿಂದ. ಅವನ ಕೈಯಲ್ಲಿನ ಕತ್ತಿಗಿಂತ ನಾಲಿಗೆ ಹರಿತ ಎಂದು ಬೀದಿಯಲ್ಲಿ ಪ್ರತೀತಿ. ಒಂದು ದಿನ ಹೊಸ ಗಿರಾಕಿಯೊಬ್ಬರು ಬಂದು, ಬೋರ್ಡು ಓದಿ, ಕಲ್ಲಿನ ಮುಂದೆ ಕೂತಿದ್ದ ಲಂಗದ ಹುಡುಗಿಯನ್ನು ನೋಡಿ, “ಸನ್ ಎಲ್ಲಮ್ಮ? ಅವನ ಕೈಲಿ ಕೊಡಬೇಕು,” ಎಂದರು. ಕ್ಷೌರಿಕ ಒಬ್ಬರ ಅರ್ಧ ಬೋಳಿಸಿದ ಗಲ್ಲ ಬಿಟ್ಟು ಬಾಗಿಲಿಗೆ ಬಂದ. “ಇವಳೇ ಸ್ವಾಮಿ ಸನ್ನು. ನಮ್ಮ ಸನ್ನಮ್ಮ. ಧೈರ್ಯವಾಗಿ ಕೊಡಿ.”

ಅಷ್ಟೇ. ಸಂಜೆಯೊಳಗೆ ಬೀದಿಯ ಎರಡೂ ಕೊನೆಗೆ ಹೆಸರು ಮುಟ್ಟಿತ್ತು. ಹೊರಗಿನವರು ಅದನ್ನು ಸಣ್ಣಮ್ಮ ಎಂದು ಕೇಳಿಸಿಕೊಂಡು, “ಹಾಗಾದ್ರೆ ದೊಡ್ಡಮ್ಮ ಯಾರು?” ಎಂದು ವಿಚಾರಿಸುತ್ತಿದ್ದರು. ದೊಡ್ಡಮ್ಮ ಯಾರೂ ಇರಲಿಲ್ಲ. ಬೋರ್ಡಿನಲ್ಲಿ ಜಾಗವಿಲ್ಲದವಳು ಬೋರ್ಡಿನಿಂದಲೇ ಹೆಸರು ಪಡೆದಳು ಎಂದು ಯಾರೂ ಲೆಕ್ಕ ಹಾಕಲಿಲ್ಲ. ನಗಲು ಒಂದು ನೆವ ಸಿಕ್ಕಿತ್ತು, ನಕ್ಕರು.

ಸಾಣೆಯಪ್ಪನಿಗೂ ಅದು ಹಿಡಿಸಿತು. ಅವಳನ್ನು ‘ಮಗಾ’ ಎನ್ನಲು ಶುರುಮಾಡಿದ. “ಮಗಾ, ಈ ಕತ್ತರಿ ನೋಡು. ಮಗಾ, ಕಲ್ಲಿಗೆ ನೀರು. ಮಗಾ, ಬಾಗಿಲು ಹಾಕ್ಕೋ.” ಗಿರಾಕಿಗಳ ಮುಂದೆ ಅವಳ ಬೆನ್ನು ತಟ್ಟಿ, “ಇವಳು ನನಗೆ ಮಗಳಲ್ಲ ರೀ, ಮಗ,” ಎನ್ನುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು, ಅವಳ ಮುಖ ಅರಳುತ್ತಿತ್ತು. ಆ ಮಾತಿಗಾಗಿ ಅವಳು ಎಷ್ಟು ಕಬ್ಬಿಣ ಬೇಕಾದರೂ ತೇಯುತ್ತಿದ್ದಳು, ತೇದಳು ಕೂಡ. ಈ ಹೊಗಳಿಕೆಯನ್ನು ಕಂಡುಹಿಡಿದವರು ಯಾರೋ, ಮಹಾ ಜಾಣರು. ಮಗಳು ಚೆನ್ನಾಗಿ ದುಡಿದರೆ ಮಗ ಎನ್ನುವುದು; ಆ ದುಡಿಮೆ ಮಗಳದ್ದು ಎಂದು ಒಪ್ಪಿಕೊಳ್ಳುವ ತೊಂದರೆಯೇ ಇಲ್ಲ. ಮಗ ಮನೆಯಲ್ಲಿ ಕೂತು ತಿಂದರೆ ಅವನನ್ನು ಯಾರೂ ಬೇರೇನೂ ಕರೆಯುವುದಿಲ್ಲ, ಅವನು ಮಗನೇ. ಇದು ಅವಳ ತಲೆಗೆ ಹೋಗಲು ಬಹಳ ವರ್ಷ ಹಿಡಿಯಿತು.

ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸಕ್ಕಿದ್ದ ಒಬ್ಬ, ಗೋಣಿಯಲ್ಲಿ ಸುತ್ತಿದ ಉದ್ದನೆಯ ಅಲಗನ್ನು ಮಗುವಿನ ಹಾಗೆ ಎತ್ತಿಕೊಂಡು ಆಗಾಗ ಬರುತ್ತಿದ್ದ. ಅಲಗು ಮೊಂಡಾಗುವುದಕ್ಕೂ ಮೊದಲೇ ಬರತೊಡಗಿದಾಗ ಕ್ಷೌರಿಕನಿಗೆ ವಾಸನೆ ಹತ್ತಿತು. ಮದುವೆಯಾಯಿತು. ‘ಸನ್ನನ್ನು ಮದುವೆಯಾದವನು’ ಎಂದು ಅವನನ್ನೂ ಕಾಡಿಸಿದರು. ಮಿತಭಾಷಿ, ನಕ್ಕು ಸುಮ್ಮನಾದ. ಸಾಣೆಯಪ್ಪ ಹಾಕಿದ್ದು ಒಂದೇ ಷರತ್ತು: ಮಗಳು ಎಲ್ಲಿ ಬೇಕಾದರೂ ಇರಲಿ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಬೇಕು. ಅವರು ಹಿಂದಿನ ಓಣಿಯಲ್ಲೇ ಮನೆ ಮಾಡಿದರು. ಹೆಣ್ಣು ಮಗು ಹುಟ್ಟಿ, ಅಂಗಡಿಯ ಮೂಲೆಯಲ್ಲಿ ಹಳೆಬಟ್ಟೆಯ ಪೆಟ್ಟಿಗೆಯಲ್ಲಿ ಮಲಗಿ, ಈಗ ಕಲ್ಲು ತಿರುಗಿಸುತ್ತಿದ್ದ ಮೋಟಾರಿನ ಸದ್ದು ನಿಂತರೆ ಎಚ್ಚರಾಗುವ ಅಭ್ಯಾಸ ಮಾಡಿಕೊಂಡಿತು. ಶಾಲೆಯಲ್ಲಿ ಟೀಚರು ಅಪ್ಪ ಅಮ್ಮ ಏನು ಎಂದು ಕೇಳಿದಾಗ, “ಅಪ್ಪ ಪ್ರೆಸ್ಸು, ಅಮ್ಮ ಸನ್ನು,” ಎಂದು ಹೇಳಿ ಬಂದಿತ್ತಂತೆ. ಬೀದಿ ಆ ಮಗುವಿಗೂ ಹೆಸರಿಟ್ಟಿತು, ಮಗನ ಮಗಳು.

ಇನ್ನು ನಿಜವಾದ ಸನ್ನಿನ ವಿಚಾರ. ಅವನು ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಮಾತು ನಯ, ಬಟ್ಟೆ ಇಸ್ತ್ರಿ. ಫ್ರಿಜ್ಜು ಮಾರುವ ಅಂಗಡಿಯಲ್ಲಿ ಕೆಲಕಾಲ, ಬಸ್ಸಿನ ಟಿಕೆಟ್ಟು ಕೊಡುವ ಕೌಂಟರಿನಲ್ಲಿ ಕೆಲಕಾಲ, ಯಾವುದೋ ಕಂಪನಿಯ ನೀರಿನ ಫಿಲ್ಟರು ಹಿಡಿದು ಮನೆ ಮನೆಗೆ ಕೆಲಕಾಲ. ಎಲ್ಲಿ ಹೋದರೂ ಕೈ ಕೊಳೆಯಾಗಬಾರದು ಎಂಬುದೊಂದೇ ಅವನ ಹಟ. ತಾಯಿ ಇರುವ ತನಕ ಅವಳ ಮುದ್ದು, ಅವಳು ತೀರಿಕೊಂಡ ಮೇಲೆ ಹೆಂಡತಿಯ ಮುದ್ದು. ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿಕೊಂಡಿದ್ದ. ಅಪ್ಪನನ್ನು ನೋಡಲು ಬಂದಾಗ ಅಂಗಡಿಯ ಸ್ಟೂಲಿಗೆ ಮೊದಲು ಕರ್ಚೀಫು ಹಾಸಿ ಆಮೇಲೆ ಕೂರುತ್ತಿದ್ದ. ಅಕ್ಕನಿಗೆ ಅವನ ಮೇಲೆ ಪ್ರೀತಿಯೇ ಇತ್ತು. ಚಹಾ ತರಿಸುವಳು, ಲೋಟವನ್ನು ಸೆರಗಿನಲ್ಲಿ ಒರೆಸಿ ಕೊಡುವಳು.

ಅವನಿಗೆ ಒಂದೇ ಒಂದು ಸಂಗತಿ ಸಹಿಸಲಾಗುತ್ತಿರಲಿಲ್ಲ. ಆ ಬೀದಿಯಲ್ಲಿ ಅವನು ಸಾಣೆಯಪ್ಪನ ಮಗ ಆಗಿರಲಿಲ್ಲ, ‘ಸನ್ನಮ್ಮನ ತಮ್ಮ’ ಆಗಿದ್ದ. ಒಮ್ಮೆ ಕ್ಷೌರಿಕನ ಕುರ್ಚಿಯಲ್ಲಿ ಅವನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ, ಬೆಂಚಿನ ಮೇಲೆ ಕಾಯುತ್ತಿದ್ದವರು ಯಾರಿವರು ಎಂದು ಕೇಳಿದರು. “ಸನ್ನಮ್ಮನ ತಮ್ಮ,” ಎಂದ ಕ್ಷೌರಿಕ.

“ನಾನು ಸಾಣೆಯಪ್ಪನ ಮಗ,” ಎಂದ ಅವನು, ನೊರೆಯ ಒಳಗಿನಿಂದಲೇ.

“ಹೌದಾ? ಹಾಗಾದ್ರೆ ಆ ಬೋರ್ಡಿನ ಕೆಳಗೆ ದಿನಾ ಕೂತಿರೋರು ಯಾರಪ್ಪ?”

ಬೆಂಚಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಟವಲಿನಿಂದ ನೊರೆ ಒರೆಸಿಕೊಂಡು, ಅರ್ಧ ಗಡ್ಡ ಹಾಗೇ ಇಟ್ಟುಕೊಂಡು ಎದ್ದು ಹೋದ. ಕ್ಷೌರಿಕನಿಗೆ ಅದು ಆ ದಿನದ ತಮಾಷೆ, ಸಂಜೆಗೆ ಮರೆತ. ತಮ್ಮ ಮರೆಯಲಿಲ್ಲ. ಅಲ್ಲಿಂದ ಮುಂದೆ ಅಪ್ಪನ ಹತ್ತಿರ ಬಂದಾಗಲೆಲ್ಲ, “ಊರಲ್ಲಿ ನಿನ್ನ ಹೆಸರು ಹೇಳೋರೇ ಇಲ್ಲವಲ್ಲಪ್ಪ, ಎಲ್ಲ ಅಕ್ಕನ ಹೆಸರೇ,” ಎಂದು ಮೆಲ್ಲಗೆ ಒಂದು ಮಾತು ಹಾಕಿ ಹೋಗುತ್ತಿದ್ದ. ಹೆಸರೆಂದರೆ ಪ್ರಾಣ ಬಿಡುವ ಮುದುಕನ ಕಿವಿಗೆ ಬೇರೆ ಯಾವ ಮಾತೂ ಅಷ್ಟು ಚೆನ್ನಾಗಿ ಇಳಿಯುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಸಾಣೆಯಪ್ಪನ ಕೈ ನಡುಗಲು ಹತ್ತಿತ್ತು. ಕಲ್ಲಿನ ಹತ್ತಿರ ಹೋದರೆ ಬೆರಳೇ ಹೋಗುತ್ತದೆ ಎಂದು ಸನ್ನಮ್ಮ ಅವನನ್ನು ಬಾಗಿಲ ಬಳಿಯ ಸ್ಟೂಲಿಗೆ ದಾಟಿಸಿದಳು. ಬಂದವರಿಗೆ ಬನ್ನಿ ಎನ್ನುವುದು, ಹೋಗುವವರಿಗೆ ಹೋಗಿಬನ್ನಿ ಎನ್ನುವುದು, ನಡುವೆ ಹಳೆಯ ಸೈಕಲ್ಲಿನ ಕಾಲದ ಬಡಾಯಿ, ಇಷ್ಟೇ ಅವನ ಕೆಲಸ. ಅಂಗಡಿ ಅವಳದೇ ಆಗಿತ್ತು, ಬಾಡಿಗೆಯ ಕರಾರು ಒಂದು ಬಿಟ್ಟು.

ಆಗ ಮಳಿಗೆಗಳ ಯಜಮಾನರು ಇಡೀ ಸಾಲನ್ನು ಕೆಡವಿ ಹೊಸದು ಕಟ್ಟಿಸುವುದಾಗಿ ಹೇಳಿಕಳಿಸಿದರು. ಹಳಬರನ್ನು ಬೀದಿಪಾಲು ಮಾಡುವವರಲ್ಲ ಅವರು. ಒಬ್ಬೊಬ್ಬರಿಗೂ ಹೊಸ ಕಟ್ಟಡದಲ್ಲಿ ಒಂದೊಂದು ಮಳಿಗೆ, ಆದರೆ ಕರಾರು ಹೊಸದು, ಹೆಸರು ಒಂದೇ. ಮುದುಕರು ತಮ್ಮ ನಂತರದವರ ಹೆಸರನ್ನು ಈಗಲೇ ಹಾಕಿಸಿಬಿಟ್ಟರೆ ಮುಂದೆ ಕಿರಿಕಿರಿ ಇರುವುದಿಲ್ಲ ಎಂದೂ ಸೇರಿಸಿದರು. ಮೇಲೆ ವಾಸದ ಕೋಣೆಗಳು ಇರುವುದಿಲ್ಲ.

ಸನ್ನಮ್ಮ ಹೊಸ ಕಟ್ಟಡದ ಪಾಯ ಅಗೆಯುವ ಮೊದಲೇ ಮನಸ್ಸಿನೊಳಗೆ ಅಂಗಡಿ ಜೋಡಿಸಿಬಿಟ್ಟಳು. ಒರಟು ಕಲ್ಲು ಗೋಡೆಯ ಕಡೆಗೆ, ನುಣುಪು ಕಲ್ಲು ಬೆಳಕಿನ ಕಡೆಗೆ, ತೊಗಲಿನ ಪಟ್ಟಿ ಕಿಟಕಿಯ ಸರಳಿಗೆ. ಕಾಲೇಜಿಗೆ ಹೋಗುತ್ತಿದ್ದ ಮಗಳು ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು: “ಅಮ್ಮ, ಅಜ್ಜನ್ನ ಒಂದು ಮಾತು ಕೇಳಿದ್ಯಾ, ಯಾರ ಹೆಸರಿಗೆ ಮಾಡಿಸ್ತಾನೆ ಅಂತ?”

“ಕೇಳೋದೇನಿದೆಯೇ? ಆ ಅಂಗಡೀಲಿ ಮಗ ಯಾರು ಅಂತ ಬೀದಿ ನಾಯಿಗೂ ಗೊತ್ತು.”

“ನಾಯಿ ಬಂದು ಕರಾರು ಬರೆಯಲ್ಲಮ್ಮ. ಕೇಳು.”

ಕೇಳಲಿಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗೆ. ಅಪ್ಪನ ಮೇಲೆ ಅನುಮಾನ ಪಡುವುದು ಮಗನಿಗೆ ಶೋಭಿಸುತ್ತದೆಯೇ? ಅವಳ ಮನಸ್ಸಿನಲ್ಲಿ ಈ ಮಾತು ಹೀಗೇ, ‘ಮಗನಿಗೆ’ ಎಂದೇ ಬಂತು. ಅವಳ ಇಡೀ ಬದುಕಿನ ಪೆದ್ದುತನ ಆ ಒಂದು ಮಾತಿನಲ್ಲಿತ್ತು.

ಯಜಮಾನರು ಮಧ್ಯಾಹ್ನ ಬಂದರು. ಅವರ ಹಿಂದೆಯೇ ತಮ್ಮನೂ ಬಂದ, ಗರಿಗರಿ ಅಂಗಿ. ಅಪ್ಪನೇ ಹೇಳಿಕಳಿಸಿದ್ದನೋ, ಅವನಾಗಿಯೇ ಬಂದನೋ, ಅವಳು ಅದನ್ನು ಯೋಚಿಸುವ ಗೋಜಿಗೆ ಹೋಗಲಿಲ್ಲ. ಸಾಕ್ಷಿಗೆ ಮನೆಯವರು ಇರಲಿ ಎಂದುಕೊಂಡಳು. ಕ್ಷೌರಿಕ ತನ್ನ ಕರಾರು ಮುಗಿಸಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದ. ಅವಳ ಕೈಯಲ್ಲಿ ಮಾಂಸದಂಗಡಿಯವರ ಅಗಲ ಕತ್ತಿ ಇತ್ತು, ಒಂದು ಮಗ್ಗುಲು ಮುಗಿದು ಇನ್ನೊಂದು ಮಗ್ಗುಲು ಅರ್ಧಕ್ಕೆ ಬಂದಿತ್ತು.

ಯಜಮಾನರು ಕನ್ನಡಕ ಏರಿಸಿಕೊಂಡು, “ಸಾಣೆಯಪ್ಪ, ಯಾರ ಹೆಸರಿಗೆ ಮಾಡೋಣ?” ಎಂದರು.

“ಮಗನ ಹೆಸರಿಗೆ,” ಎಂದ ಸಾಣೆಯಪ್ಪ.

ಅವಳ ಎದೆ ತುಂಬಿ ಬಂತು. ಸುಳ್ಳಲ್ಲ, ಕಣ್ಣೂ ತುಂಬಿದವು. ಮೋಟಾರು ಆರಿಸಿದಳು. ಕತ್ತಿಯನ್ನು ಕೆಳಗಿಟ್ಟು, ಎರಡೂ ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡು, ಮೇಜಿನ ಹತ್ತಿರ ಹೋಗಿ ಯಜಮಾನರ ಮುಂದಿದ್ದ ಪೆನ್ನು ಎತ್ತಿಕೊಂಡಳು. “ಎಲ್ಲಿ ಸಹಿ ಹಾಕಬೇಕು, ತೋರಿಸಿ,” ಎಂದಳು. ಹಿಂದೆ ಕಲ್ಲು ಇನ್ನೂ ತಿರುಗುತ್ತಿತ್ತು. ಯಜಮಾನರು ಅವಳನ್ನು ನೋಡಿದರು, ತಮ್ಮನನ್ನು ನೋಡಿದರು, ಮುದುಕನನ್ನು ನೋಡಿದರು.

ಸಾಣೆಯಪ್ಪ ಕೆಮ್ಮಿದ. “ನೀನಲ್ಲ ಮಗಳೇ,” ಎಂದ. “ಮಗ.”

ಮಗಳೇ. ಅವನ ಬಾಯಿಂದ ಆ ಮಾತನ್ನು ತಾನು ಯಾವಾಗಲಾದರೂ ಕೇಳಿದ್ದೆನೇ ಎಂದು ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಬೇರೆ ಯಾವ ದಿನ ಆ ಮಾತು ಬಂದಿದ್ದರೂ ಚೆನ್ನಾಗಿರುತ್ತಿತ್ತು. ಮೃದುವಾಗಿಯೇ ಹೇಳಿದ್ದ, ನಾಲಿಗೆ ತಡವರಿಸಲಿಲ್ಲ. ಏನು ಮುಟ್ಟಿದರೂ ಕೈ ನಡುಗುವ ಮುದುಕನ ನಾಲಿಗೆ ಅಷ್ಟು ಸ್ಥಿರವಾಗಿತ್ತು.

ತಮ್ಮ ಮೆಲ್ಲಗೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಎಳೆಯಲಿಲ್ಲ, ಕಿತ್ತುಕೊಳ್ಳಲಿಲ್ಲ, “ಕೊಡಕ್ಕ” ಎಂದ. ಅವಳೇ ಕೊಟ್ಟಳು. ಪೆನ್ನಿನ ಮೇಲೆ ಅವಳ ಬೆರಳಿನ ಕಪ್ಪು ಅಂಟಿತ್ತು. ಅವನು ಅದನ್ನು ಕರ್ಚೀಫಿನಿಂದ ಒರೆಸಿ ಸಹಿ ಹಾಕಿದ.

“ಯಾಕಪ್ಪ?” ಎಂದಳು.

“ನಿನಗೇನು ಕಡಿಮೆಯಾಗಿದೆ? ಗಂಡ ಇದ್ದಾನೆ, ಮನೆ ಇದೆ. ನಿನ್ನ ಕಾಲ ಮುಗಿದ್ರೆ ಅಂಗಡಿ ಪ್ರೆಸ್ಸಿನವನ ಮಗಳಿಗೆ ಹೋಗುತ್ತೆ. ಇವನ ಹತ್ರ ಇದ್ರೆ ನನ್ನ ಹೆಸರು ಇರುತ್ತೆ.” ಎಂದೋ ತೀರ್ಮಾನಿಸಿ, ಒಳಗೇ ಹಲವು ಸಲ ಹೇಳಿಕೊಂಡ ಮಾತಿನಂತಿತ್ತು. “ಬೋರ್ಡಲ್ಲಿ ಮೊದಲಿಂದ ಇರೋದೂ ಅವನೇ ಅಲ್ವಾ?”

“ಹಾಗಾದ್ರೆ ಇಷ್ಟು ವರ್ಷ ನನ್ನನ್ನ ಮಗಾ ಅಂತಿದ್ದದ್ದು?”

“ಅದು ಪ್ರೀತಿಗೆ,” ಎಂದ ಸಾಣೆಯಪ್ಪ.

ಕ್ಷೌರಿಕನ ಕಡೆ ನೋಡಿದಳು. ಊರಿಗೆಲ್ಲ ಹರಿತ ನಾಲಿಗೆಯವನು ತನ್ನ ಚಪ್ಪಲಿಯ ತುದಿ ನೋಡುತ್ತಿದ್ದ. ಅವಳಿಗೆ ಹೆಸರಿಟ್ಟವನು ಅವನು. ಆ ಹೊತ್ತಿನಲ್ಲಿ ಒಂದು ಮಾತು, ‘ಇದು ಸರಿಯಲ್ಲ ಸಾಣೆಯಪ್ಪ’ ಎಂಬ ಒಂದೇ ಒಂದು ಮಾತು ಅವನಿಂದ ಬರಲಿಲ್ಲ. ಯಜಮಾನರು ಕಾಗದ ಮಡಿಸಿಕೊಂಡು, “ಮನೆಯೊಳಗಿನ ವಿಚಾರ, ನೀವು ನೀವು ಮಾತಾಡ್ಕೊಳ್ಳಿ,” ಎಂದು ಹೊರಟುಹೋದರು. ಅವಳು ಕಲ್ಲಿನ ಹತ್ತಿರ ಹೋಗಿ, ಮೋಟಾರು ಹಾಕಿ, ಕತ್ತಿಯ ಉಳಿದ ಅರ್ಧ ಮಗ್ಗುಲು ಮುಗಿಸಿದಳು. ಮಾಂಸದಂಗಡಿಯವರು ಸಂಜೆಗೆ ಬೇಕು ಎಂದಿದ್ದರು.

ಹೊಸ ಕಟ್ಟಡ ಎದ್ದಿತು. ತಮ್ಮ ಸಾಣೆಯ ಗೋಜಿಗೆ ಹೋಗಲಿಲ್ಲ. ಗಾಜಿನ ಬೀರುಗಳಲ್ಲಿ ಹೊಸ ಚಾಕು, ಹೊಸ ಕತ್ತರಿ ಜೋಡಿಸಿದ. ಹಳೆಯದನ್ನು ತಂದವರಿಗೆ, “ಇದಕ್ಕೆ ಸಾಣೆ ಹಿಡಿಸೋ ಬದಲು ಹೊಸದೇ ತಗೊಳ್ಳಿ,” ಎಂದು ನಯವಾಗಿ ಹೇಳಿ ಮಾರಿದ. ವ್ಯಾಪಾರ ಕೆಡುತ್ತದೆ, ಬುದ್ಧಿ ಬರುತ್ತದೆ, ಅಕ್ಕನ ಕಾಲಿಗೆ ಬೀಳುತ್ತಾನೆ ಎಂದೆಲ್ಲ ಕಾದವರು ಕಾದದ್ದೇ ಬಂತು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ತನ್ನೊಳಗೇ ದೀಪ ಉರಿಯುವ ದೊಡ್ಡ ಬೋರ್ಡು ಹಾಕಿಸಿದ, ಅದೇ ‘ಸಾಣೆಯಪ್ಪ ಅಂಡ್ ಸನ್’, ಈ ಸಲ ಸರಿಯಾಗಿ ನಡುಮಧ್ಯಕ್ಕೆ. ಮೊದಮೊದಲು ಕೆಲವರು ಬಂದು ಸನ್ನಮ್ಮ ಎಲ್ಲಿ ಎಂದು ಕೇಳಿದರು. “ಅಕ್ಕ ಈಗ ರೆಸ್ಟ್ ತಗೊಂಡಿದ್ದಾಳೆ,” ಎನ್ನುತ್ತಿದ್ದ. ಆಮೇಲೆ ಕೇಳುವವರೂ ಇಲ್ಲವಾದರು. ಕ್ಷೌರಿಕ ಬಳಸಿ ಬಿಸಾಡುವ ಬ್ಲೇಡಿಗೆ ಬದಲಾಗಿದ್ದ. ಅವಳ ಮನೆಗೆ ಕತ್ತಿ ತಂದುಕೊಡುವ ನೆವವೂ ಅವನಿಗೆ ಉಳಿಯಲಿಲ್ಲ, ತಂದಿದ್ದರೆ ಅವಳು ಬಾಗಿಲು ತೆರೆಯುತ್ತಿದ್ದಳೋ ಇಲ್ಲವೋ. ಹೊಸ ಗಿರಾಕಿಗಳು ಅವಳ ತಮ್ಮನನ್ನು ‘ಸನ್ನಣ್ಣ’ ಎಂದರು.

ಸನ್ನಮ್ಮ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಕಟಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಬಟ್ಟೆಯ ಅಟ್ಟಿಗಳನ್ನು ಒಟ್ಟಿಗೆ ಕತ್ತರಿಸುವ ಯಂತ್ರಗಳ ಅಲಗುಗಳು ಮೊಂಡಾಗುತ್ತಲೇ ಇರುತ್ತವೆ, ಅವುಗಳಿಗೆ ಸಾಣೆ ಹಿಡಿಯುವುದು ಅವಳ ಪಾಲು. ತಗಡಿನ ಚಾವಣಿ, ಹತ್ತಿಯ ಧೂಳು, ಮೂಗಿಗೆ ಬಟ್ಟೆ. ಅಲ್ಲಿ ಅವಳನ್ನು ‘ಸಾಣೆಯವಳು’ ಎನ್ನುತ್ತಿದ್ದರು. ಯಾರ ಮಗಳು, ಯಾರ ಹೆಂಡತಿ ಎಂದು ಯಾರೂ ಕೇಳಲಿಲ್ಲ. ಅದೊಂದು ಸಮಾಧಾನವೆಂದು ಮಗಳು ಹೇಳಿದಳು. ಸಮಾಧಾನವೇನೂ ಆಗಲಿಲ್ಲ. ಕಳೆದುಕೊಂಡದ್ದನ್ನು ಎಣಿಸಿಕೊಂಡು ಕೂರುವವಳಲ್ಲ ಅವಳು, ಆದರೆ ಆ ಬೀದಿಗೆ ಕಾಲಿಡುವುದನ್ನು ಬಿಟ್ಟಳು. ತರಕಾರಿಗೂ ಸುತ್ತು ಹಾಕಿ ಬೇರೆ ಕಡೆ ಹೋಗುತ್ತಿದ್ದಳು.

ಅಂಗಡಿ ಮಗನಿಗೆ ಹೋಯಿತು ಎಂದೆವಲ್ಲ, ಅಪ್ಪ ಯಾರಿಗೆ ಬಂದ? ಮೇಲಿನ ಕೋಣೆಗಳು ನೆಲಸಮವಾದ ಮೇಲೆ ಮುದುಕನಿಗೆ ಒಂದು ಸೂರು ಬೇಕಿತ್ತು. ತಮ್ಮ ಬಂದು, “ನಮ್ಮನೆ ಮೂರನೇ ಮಹಡಿ, ಅಪ್ಪನಿಗೆ ಮೆಟ್ಟಿಲು ಆಗಲ್ಲ. ನಿನ್ನ ಕೈ ಊಟ ಅವನಿಗೆ ಅಭ್ಯಾಸ ಬೇರೆ,” ಎಂದ. ಅವಳ ಗಂಡ ಎಂದೂ ಮಾತಾಡದವನು ಆ ದಿನ, “ಅಭ್ಯಾಸ ಅಂಗಡೀದೂ ಇತ್ತಲ್ಲ,” ಎಂದ. ತಮ್ಮ ಗಡಿಯಾರ ನೋಡಿಕೊಂಡ. ಸಾಣೆಯಪ್ಪ ಒಂದು ಟ್ರಂಕು ಹಿಡಿದು ಆಟೋದಿಂದ ಇಳಿದ. ಅವಳು ಕೈ ಕೊಟ್ಟು ಇಳಿಸಿಕೊಂಡಳು. ಅಡಿಗೆಮನೆಗೆ ತಾಗಿದ ಪಡಸಾಲೆಯಲ್ಲಿ ಮಂಚ ಹಾಕಿದಳು.

ಅವನಿಗೆ ಏನೂ ಆದಂತೆಯೇ ಇರಲಿಲ್ಲ. ಮಗನ ಬೋರ್ಡು ಎಷ್ಟು ದೂರದಿಂದ ಕಾಣುತ್ತದೆ ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ. ಅದೇ ಬಾಯಿ ತಿರುಗಿಸಿ ಅಡಿಗೆಮನೆಯ ಕಡೆಗೆ, “ಮಗಾ, ಇವರಿಗೆ ಚಹಾ ಕೊಡು,” ಎನ್ನುತ್ತಿದ್ದ. ಅವಳು ಕೊಡುತ್ತಿದ್ದಳು. ಮೈಯಲ್ಲಿ ಒಂದು ಮುಳ್ಳು ಆಡಿದ ಹಾಗಾಗುತ್ತಿತ್ತು, ಆದರೂ ಕಾಲು ತಾನಾಗಿ ಏಳುತ್ತಿತ್ತು.

ಒಂದು ಸಂಜೆ ಕಾರ್ಖಾನೆಯಿಂದ ಬಂದು ಮುಖ ತೊಳೆದು ಒಲೆಯ ಮುಂದೆ ನಿಂತಿದ್ದಳು. ಗಂಡ, ಮಗಳು ಇಬ್ಬರೂ ಮನೆಯಲ್ಲೇ ಇದ್ದರು. ಮಂಚದಿಂದ ಕೂಗು ಬಂತು.

“ಮಗಾ, ಕುಡಿಯೋಕೆ ನೀರು.”

ಈ ಸಲ ಕಾಲು ಏಳಲಿಲ್ಲ. ಹುಳಿ ತಿರುವುತ್ತಿದ್ದ ಸೌಟನ್ನು ಬಿಡದೆ, ತಿರುಗಿಯೂ ನೋಡದೆ, “ಮಗ ಅಂಗಡೀಲಿದ್ದಾನೆ,” ಎಂದಳು. “ಫೋನ್ ಮಾಡಿ ಕರೀಲಾ?”

ಮಗಳು ಪುಸ್ತಕದಿಂದ ತಲೆಯೆತ್ತಿದಳು. ಮುದುಕನಿಗೆ ಕಿವಿ ಚೆನ್ನಾಗಿತ್ತು, ಬುದ್ಧಿಯೂ ಚೆನ್ನಾಗಿತ್ತು; ಅವಳು ಏನು ಕೇಳುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಗದೆ ಹೋಗಲಿಲ್ಲ. ಒಂದು ಮಾತು ಸಾಕಿತ್ತು. ಕಷ್ಟದ ಮಾತೇನಲ್ಲ, ಆ ಮಧ್ಯಾಹ್ನ ಯಜಮಾನರ ಮುಂದೆ ಎಷ್ಟು ಸಲೀಸಾಗಿ ಅವನ ಬಾಯಿಗೆ ಬಂದಿತ್ತು. ಅವಳು ಸೌಟು ಹಿಡಿದು ಕಾದಳು. ಅಷ್ಟಾದರೂ ಕೊಡುತ್ತಾನೆ ಎಂದು ಅವಳಿಗೆ ಆಸೆ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಹಳ ಹೊತ್ತಾದ ಮೇಲೆ ಮಂಚದ ಕಡೆಯಿಂದ ಠಣ್ ಠಣ್ ಎಂದು ಸದ್ದು ಬಂತು. ಸಾಣೆಯಪ್ಪ ಖಾಲಿ ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಡಿಯುತ್ತಿದ್ದ.

ಅವಳು ಒಲೆ ಸಣ್ಣ ಮಾಡಿ, ಲೋಟ ತೆಗೆದುಕೊಂಡು, ನೀರು ತುಂಬಿ ಕೊಟ್ಟಳು. ಅವನು ಅವಳ ಮುಖ ನೋಡದೆ ಕುಡಿದ. ಆವತ್ತಿನಿಂದ ಅವನು ಅವಳನ್ನು ಮಗಾ ಎನ್ನಲಿಲ್ಲ, ಮಗಳೇ ಎನ್ನಲೂ ಇಲ್ಲ. ನೀರು ಬೇಕಾದರೂ, ಊಟ ಬೇಕಾದರೂ, ಮಗ್ಗುಲು ಬದಲಿಸಬೇಕಾದರೂ ಲೋಟ ಬಡಿಯುತ್ತಿದ್ದ, ಸಾಯುವ ತನಕ. ಅವಳು ಆ ಸದ್ದಿಗೆ ಎದ್ದು ಹೋಗುತ್ತಿದ್ದಳು.